ಚಾಮರಾಜಪೇಟೆಯ ಸಮುದ್ರದ ಸಾಹೇಬರು

ಸಾಹೇಬರು ಹೋದ ಸುದ್ದಿ ನನಗೆ ಸಿಕ್ಕಿದ್ದು ಗಾಂಧಿ ಬಜಾರಿನಲ್ಲಿ, ಹುರುಳಿಕಾಯಿ ಮುರಿದು ನೋಡಿ ಆರಿಸುತ್ತಿದ್ದಾಗ. ಎದುರಿನ ಗ್ರಂಧಿಗೆ ಅಂಗಡಿಯಿಂದ ಎಳ್ಳು, ದರ್ಭೆ ಹಿಡಿದುಕೊಂಡು ಅವರ ತಮ್ಮ ಹೊರಗೆ ಬಂದರು. ನನ್ನನ್ನು ನೋಡಿ ರಸ್ತೆ ದಾಟಿಕೊಂಡು ಬಂದು, "ಅಣ್ಣ ಹೋಗ್ಬಿಟ್ರು ಕಣ್ರೀ, ನಿನ್ನೆ ಬೆಳಿಗ್ಗೆ. ನಿಮ್ಮ ಫೋನ್ ನಂಬರ್ ಹುಡುಕಿದ್ವಿ, ಸಿಗ್ಲಿಲ್ಲ," ಎಂದರು. ನಾನು "ಹೌದಾ?" ಎಂದೆ. ಹುರುಳಿಕಾಯಿ ತೂಕಕ್ಕೆ ಹಾಕಿಸಿದೆ, ಚೀಲಕ್ಕೆ ತುಂಬಿಸಿಕೊಂಡೆ, ಬಸ್ಸು ಹಿಡಿದು ಮನೆಗೆ ಬಂದೆ. ಚೀಲ ಇಸಿದುಕೊಳ್ಳುತ್ತಾ ನನ್ನ ಹೆಂಡತಿ "ಯಾಕ್ರೀ, ಮುಖ ಹೀಗಿದೆ?" ಅಂದಾಗ ಅಳು ಬಂತು ನೋಡಿ. ಐವತ್ತು ದಾಟಿದ ಗಂಡಸು ಅಡುಗೆಮನೆ ಬಾಗಿಲಲ್ಲಿ ನಿಂತು ಅಳುವುದು ಏನು ಚೆಂದ? ಆದರೂ ಅತ್ತುಬಿಟ್ಟೆ.

ಅವರ ಹೆಸರು ಹೇಳುವುದಿಲ್ಲ. ಪೇಪರಿನಲ್ಲಿ ಹೆಸರು ಬರುವುದೆಂದರೆ ಅವರಿಗೆ ಮೈಮೇಲೆ ಹಲ್ಲಿ ಬಿದ್ದ ಹಾಗಾಗುತ್ತಿತ್ತು. ನಾವು ಕೆಲಸ ಮಾಡುತ್ತಿದ್ದ ಕಚೇರಿಯ ಹೆಸರೂ ಬೇಡ. ಸಮುದ್ರದ ಮೀನಿಗೆ ಸಂಬಂಧಪಟ್ಟ ಸರ್ಕಾರಿ ಕೆಲಸ ಎಂದರೆ ಸಾಕು. ಬೆಂಗಳೂರಿನಲ್ಲಿ ಕೂತು ಸಮುದ್ರ ನೋಡಿಕೊಳ್ಳುವುದೇ ಒಂದು ತಮಾಷೆ. ನಮ್ಮ ಕಿಟಕಿ ತೆಗೆದರೆ ಕಾಣುತ್ತಿದ್ದುದು ಸಿಟಿ ಬಸ್ಸುಗಳ ಹೊಗೆ ಮತ್ತು ಒಂದು ಕಬ್ಬಿನ ಹಾಲಿನ ಗಾಡಿ. ಆ ತಮಾಷೆಯ ಮೇಲೆ ಇನ್ನೊಂದು ತಮಾಷೆ ನಮ್ಮ ಸಾಹೇಬರು. ಚಾಮರಾಜಪೇಟೆಯ ಮಾಧ್ವರ ಮನೆ, ಹಣೆಯ ಮೇಲೆ ಅಂಗಾರ ಅಕ್ಷತೆ, ಈರುಳ್ಳಿಯನ್ನೂ ತಿಥಿ ನೋಡಿ ತಿನ್ನುವ ಪೈಕಿ. ಇಂಥವರು ನಮ್ಮ ಕರಾವಳಿಯ ಮೀನುಗಳ ಜಾತಿ, ವಯಸ್ಸು, ಬಸಿರು, ಬಾಣಂತನ ಎಲ್ಲವನ್ನೂ ಸ್ವಂತ ಮನೆಯ ಹೆಣ್ಣುಮಕ್ಕಳದ್ದೋ ಎನ್ನುವ ಹಾಗೆ ಬಲ್ಲವರಾಗಿದ್ದರು. ಅವರ ಮೇಜಿನ ಮೇಲೆ ಗಾಜಿನ ಜಾಡಿಗಳಲ್ಲಿ ಬೂತಾಯಿ, ಬಂಗುಡೆ, ಕಾಣೆ ಎಲ್ಲ ಮದ್ದಿನ ನೀರಿನಲ್ಲಿ ನಿಂತಿರುತ್ತಿದ್ದವು. ಜಾಡಿಗಳ ನಡುವೆಯೇ ಅವರ ಟಿಫಿನ್ ಡಬ್ಬಿ. ಅದರಲ್ಲಿ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಕಚೇರಿಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು ಸಮುದ್ರದ ಸಾಹೇಬರು ಎನ್ನುತ್ತಿದ್ದರು. ಎದುರಿಗೇ ಅಂದಿದ್ದರೂ ನಕ್ಕುಬಿಡುತ್ತಿದ್ದರು ಅಂತ ಕಾಣುತ್ತದೆ, ಯಾರಿಗೂ ಧೈರ್ಯವಾಗಲಿಲ್ಲ.

ನಾನು ಬಿನ್ನಿಪೇಟೆಯವನು. ನಮ್ಮಪ್ಪ ಮಿಲ್ಲಿನಲ್ಲಿದ್ದರು. ಭಾನುವಾರ ಮನೆಯಲ್ಲಿ ಮೀನು ಬೇಯದಿದ್ದರೆ ಅದು ನಮಗೆ ಭಾನುವಾರವೇ ಅಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಅವರ ಕೈಕೆಳಗೆ ಸೇರಿದೆ. ಬಂದರುಗಳಿಂದ ಬರುತ್ತಿದ್ದ ಮೀನಿನ ಲೆಕ್ಕ ಕೂಡಿಸಿಕೊಡುವುದು ನನ್ನ ಕೆಲಸ. ಮೊದಲ ದಿನ ಕರೆದು ಕೂರಿಸಿಕೊಂಡು ಅವರು ಕೇಳಿದ್ದು ನನ್ನ ಡಿಗ್ರಿ ಅಲ್ಲ.

"ಮೀನು ತಿಂತೀರೇನ್ರೀ?"

ಹಣೆಯ ಮೇಲಿನ ಅಕ್ಷತೆ ನೋಡಿ ನನಗೆ ದಿಗಿಲಾಯಿತು. "ಅಪರೂಪಕ್ಕೆ ಸಾರ್," ಎಂದೆ.

"ಸುಳ್ಳು ಹೇಳ್ಬೇಡಿ. ತಿನ್ನಿ, ಚೆನ್ನಾಗಿ ತಿನ್ನಿ. ಮರಿ ತಿನ್ಬೇಡಿ, ಅಷ್ಟೇ ನಾನು ಹೇಳೋದು."

ಅಷ್ಟೇ ಅವರು ಹೇಳುತ್ತಿದ್ದುದು, ಜೀವಮಾನವಿಡೀ. ಒಂದು ಮೀನು ಒಂದು ಸಲವಾದರೂ ಮೊಟ್ಟೆಯಿಡಲಿ, ಆಮೇಲೆ ಹಿಡಿಯಿರಿ. ಇದನ್ನು ಹೇಳುವುದಕ್ಕೆ ಇಷ್ಟು ದೊಡ್ಡ ಕಚೇರಿ, ಇಷ್ಟು ಫೈಲು, ಇಷ್ಟು ಜೀಪು ಯಾಕೆ ಬೇಕು ಎಂದು ಅವರೇ ನಗುತ್ತಿದ್ದರು. ಆದರೆ ನಮ್ಮ ಕಚೇರಿಯಲ್ಲಿ ಶಹಬ್ಬಾಸ್‌ಗಿರಿ ಸಿಗುತ್ತಿದ್ದುದು ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಟನ್ನು ಜಾಸ್ತಿ ಬಂತು ಎನ್ನುವುದಕ್ಕೆ. ನಾನು ಮೊತ್ತ ಕೂಡಿಸಿ ಖುಷಿಯಿಂದ ಒಯ್ದು ಕೊಟ್ಟರೆ ಇವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಇದರಲ್ಲಿ ಊಟದ ಮೀನೆಷ್ಟು, ಹಿಟ್ಟಿನ ಮಿಲ್ಲಿಗೆ ಹೋಗಿರೋ ಮರಿ ಎಷ್ಟು, ಅದನ್ನ ಬಿಡಿಸಿ ತನ್ನಿ," ಎನ್ನುತ್ತಿದ್ದರು. ಕೋಳಿಗೆ ಹಾಕುವ ಮೀನಿನ ಹಿಟ್ಟು ಮಾಡುವ ಕಾರ್ಖಾನೆಗಳು ಆಗ ಕರಾವಳಿಯಲ್ಲಿ ಎದ್ದಿದ್ದವು. ಅವಕ್ಕೆ ದೊಡ್ಡದು ಚಿಕ್ಕದು ಎನ್ನುವ ಭೇದವಿಲ್ಲ, ಏನು ಸುರಿದರೂ ಅರೆಯುತ್ತವೆ. ಹಾಗಾಗಿ ಬಲೆಯ ಕಣ್ಣು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿತ್ತು. ಸೊಳ್ಳೆಪರದೆಯಂತಾಗಿದೆ ಎಂದು ಸಾಹೇಬರು ಗೊಣಗುತ್ತಿದ್ದರು.

ತಿಂಗಳಿಗೊಮ್ಮೆ ಕರಾವಳಿಗೆ ಹೋಗಿ ಬರುತ್ತಿದ್ದರು. ಬಂದರಿನ ಕೆಸರಿನಲ್ಲಿ ಪಂಚೆ ಎತ್ತಿ ಕಟ್ಟಿ, ಕೈಯಾರೆ ಮೀನು ಎತ್ತಿ ಮರದ ಸ್ಕೇಲಿನ ಮೇಲಿಟ್ಟು ಅಳೆಯುವರು. ಮನೆಗೆ ಬಂದರೆ ತಲೆಬಾಗಿಲಿನಿಂದ ಪ್ರವೇಶವಿಲ್ಲ. ಹಿತ್ತಿಲಿಗೆ ಸುತ್ತಿಕೊಂಡು ಹೋಗಿ, ನಲ್ಲಿಯ ಕೆಳಗೆ ಕೂತು, ತಲೆಗೆ ನೀರು ಹುಯ್ದುಕೊಂಡು, ಬಟ್ಟೆ ಅಲ್ಲೇ ನೆನೆಹಾಕಿ ಒಳಗೆ ಬರಬೇಕು. ಅವರ ತಾಯಿ ಇದ್ದ ಕಾಲಕ್ಕೆ ಇದು ಕಟ್ಟಾಜ್ಞೆ. ಒಮ್ಮೆ ನಾನೂ ಜೊತೆಗಿದ್ದೆ. ಆ ಮುದುಕಿ ಹಿತ್ತಿಲ ಬಾಗಿಲಲ್ಲಿ ನಿಂತು, "ಅಲ್ಲ ಕಣೋ, ತಿನ್ನೋದಿಲ್ಲ, ಮುಟ್ಟೋಹಾಗಿಲ್ಲ, ಆ ಮೀನಿನ ಚಿಂತೆ ನಿನಗ್ಯಾಕೋ? ತಿನ್ನೋರು ಮಾಡ್ಕೊಳ್ಳಲಿ," ಎಂದರು. ಇವರು ನೀರು ಸುರಿದುಕೊಳ್ಳುತ್ತಾ, "ತಿನ್ನೋರಿಗೆ ಹಸಿವಿರತ್ತಮ್ಮ. ಹಸಿದೋರಿಗೆ ಚಿಂತೆ ಮಾಡಿ ಅಂದ್ರೆ ಹೇಗೆ?" ಎಂದರು. ಮುದುಕಿ "ನಿನ್ನ ತಲೆ!" ಎಂದು ಬೈದು ನನಗೆ ಕಾಫಿ ತರಲು ಒಳಗೆ ಹೋದರು.

ಅವರು ಪಾಠ ಹೇಳುತ್ತಿದ್ದುದೂ ಹೀಗೆಯೇ, ದಾರಿಯಲ್ಲಿ ನಡೆಯುತ್ತಾ. ಸಂಜೆ ಕಚೇರಿ ಬಿಟ್ಟ ಮೇಲೆ ಕೆಲವೊಮ್ಮೆ ಜೊತೆಗೆ ಸುಲ್ತಾನ್‌ಪೇಟೆಯ ಮೂಲಕ ನಡೆದುಕೊಂಡು ಬರುತ್ತಿದ್ದೆವು, ಲಗ್ನಪತ್ರಿಕೆ ಅಂಗಡಿಗಳ ಮುಂದೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರು ಗುಂಪಾಗಿ ನಿಂತಿರುವುದನ್ನು ದಾಟಿಕೊಂಡು. ಮಳೆಗಾಲ ಮೀನು ಮೊಟ್ಟೆಯಿಡುವ ಕಾಲವಾದ್ದರಿಂದ ಯಂತ್ರದ ಬೋಟುಗಳು ಆಗ ಕಡಲಿಗಿಳಿಯಬಾರದೆಂದು ನಿಷೇಧವಿತ್ತು. ಆದರೆ ನಮ್ಮ ರಾಜ್ಯದ್ದು ಒಂದು ತಾರೀಖು, ಪಕ್ಕದ ರಾಜ್ಯದ್ದು ಇನ್ನೊಂದು. ಇಲ್ಲಿಯವರು ದಡದಲ್ಲಿ ಕೂತಿದ್ದಾಗ ಅಲ್ಲಿಯವರು ಬಂದು ಬಾಚಿಕೊಂಡು ಹೋಗುವರು, ಅಲ್ಲಿಯವರು ಕೂತಾಗ ಇಲ್ಲಿಯವರು. ಯಾಕೆ ಸಾರ್ ಹೀಗೆ, ಒಂದೇ ತಾರೀಖು ಮಾಡಬಾರದೇ ಎಂದು ಕೇಳಿದೆ.

"ನೀವು ವಠಾರದಲ್ಲಿ ಬೆಳೆದೋರಲ್ವೇನ್ರೀ? ಎಲ್ಲರಿಗೂ ಒಂದೇ ನಲ್ಲಿ. ಒಬ್ರು ಕದ್ದು ಒಂದು ಬಿಂದಿಗೆ ಹಿಡ್ಕೊಂಡ್ರೆ ಮಾರನೇ ದಿನ ಎಲ್ಲರೂ ಕದೀತಾರೆ. ನೀರಿನ ಆಸೆಗಲ್ಲ. ನಾನು ಬಿಟ್ಟಿದ್ದು ಪಕ್ಕದ್ಮನೆ ಹಂಡೆಗೆ ಹೋಗತ್ತಲ್ಲ ಅನ್ನೋ ಹೊಟ್ಟೆ ಉರಿಗೆ. ದೊಡ್ಡ ದೊಡ್ಡ ದೇಶಗಳೂ ಇದನ್ನೇ ಮಾಡ್ತಿರೋದು. ಸೂಟು ಬೂಟು ಹಾಕ್ಕೊಂಡು ಮಾಡ್ತಾವೆ."

ದೇಶಗಳ ಮಾತು ಬಂದಿದ್ದಕ್ಕೆ ಇನ್ನೊಂದು ಸಂಗತಿ. ಆ ವರ್ಷಗಳಲ್ಲಿ ಜಗತ್ತಿನ ದೇಶಗಳೆಲ್ಲ ಕೂತು, ಇನ್ನು ಮುಂದೆ ಮೀನು ಹಿಡಿಯುವುದಾದರೆ ಜವಾಬ್ದಾರಿಯಿಂದ ಹಿಡಿಯೋಣ, ನಾಳೆಗೂ ಉಳಿಯುವ ಹಾಗೆ ಹಿಡಿಯೋಣ ಎಂದು ಒಂದು ನಿಯಮಾವಳಿ ಒಪ್ಪಿಕೊಂಡಿದ್ದವು. ಸಾಹೇಬರು ಅದರ ಒಂದು ಪ್ರತಿ ತರಿಸಿಕೊಂಡು ಪಾರಾಯಣದ ಪುಸ್ತಕದ ಹಾಗೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಕೆಲವು ಕಾಲದ ಮೇಲೆ ಹೊರದೇಶದಿಂದ ಪ್ರಶ್ನೆಗಳ ಒಂದು ಕಟ್ಟು ಬಂತು. ಆ ನಿಯಮಗಳು ನಿಮ್ಮ ಕರಾವಳಿಯಲ್ಲಿ ಎಷ್ಟರಮಟ್ಟಿಗೆ ನಡೆಯುತ್ತಿವೆ, ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ಕಳಿಸಿ, ಎಲ್ಲ ದೇಶಗಳನ್ನೂ ಹೋಲಿಸಿ ನೋಡುತ್ತಾರಂತೆ. ಸಾಹೇಬರು ಎರಡು ದಿನ ಕೂತು ತುಂಬಿದರು. ಕಾನೂನು ಬರೆದಿಟ್ಟಿದ್ದಕ್ಕೆ ಎಂಟು, ಕಡಲಲ್ಲಿ ಅದು ನಡೆಯುವುದಕ್ಕೆ ಎರಡು. ಮೇಲಧಿಕಾರಿ ಕರೆಸಿದರು.

"ಏನ್ರೀ ಇದು? ಊರೋರ ಮುಂದೆ ನಮ್ಮ ಮಗೂನ ನಾವೇ ಫೇಲ್ ಮಾಡೋದಾ?"

"ಫೇಲಾಗಿದೆ ಸಾರ್. ಪಾಸು ಅಂತ ಹೇಳಿದ್ರೆ ಅದು ಓದೋದೇ ಬಿಟ್ಬಿಡತ್ತೆ."

ಕೊನೆಗೆ ಎಲ್ಲದಕ್ಕೂ ಏಳೋ ಏಳೂವರೆಯೋ ಎಂದು ತಿದ್ದಿ ಹೋಯಿತು ಅಂತ ಕಾಣುತ್ತದೆ. ಸಾಹೇಬರು ಜಗಳವಾಡಲಿಲ್ಲ. ಹೊರಗೆ ಬಂದು ನನ್ನ ಹತ್ತಿರ, "ಬಿಡಿ, ಬೇರೆ ದೇಶದೋರೂ ಹೀಗೇ ತುಂಬಿರ್ತಾರೆ. ನಾವೆಲ್ಲ ಪಾಸು, ಮೀನು ಒಂದೇ ಫೇಲು," ಎಂದರು. ನಕ್ಕರು, ಆದರೆ ಆ ದಿನ ಟಿಫಿನ್ ಡಬ್ಬಿ ತೆಗೆಯಲಿಲ್ಲ.

ಆಮೇಲೆಯೇ ಅವರಿಗೆ ಆ ಹಟ ಹಿಡಿದದ್ದು. ಬೇರೇನೂ ಬೇಡ, ಒಂದೇ ಒಂದು ಪುಟದ ಆದೇಶ ಹೊರಡಬೇಕು. ಬಲೆಯ ತುದಿಯ ಚೀಲದ ಕಣ್ಣು ಇಷ್ಟಕ್ಕಿಂತ ಚಿಕ್ಕದಿರಬಾರದು, ಇಂತಿಂಥ ಮೀನು ಇಷ್ಟು ಉದ್ದಕ್ಕಿಂತ ಕಡಿಮೆಯಿದ್ದರೆ ದಡಕ್ಕೆ ತರಬಾರದು. ನಿವೃತ್ತಿಗೆ ಮುಂಚೆ ಇದೊಂದು ಆಗಿಬಿಟ್ಟರೆ ನಾನು ಸಂಬಳ ತಗೊಂಡಿದ್ದಕ್ಕೆ ಅರ್ಥ ಬರುತ್ತದೆ ಎನ್ನುತ್ತಿದ್ದರು. ಮೇಲಧಿಕಾರಿ ಕೆಟ್ಟವರೇನಲ್ಲ, ಹೆದರುಪುಕ್ಕಲರು. "ಬೋಟಿನವರ ಸಂಘದಿಂದ ಒಪ್ಪಿಗೆ ತಗೊಂಡ್ಬನ್ನಿ, ಮಾರನೇ ದಿನಾನೇ ಸೈನ್ ಮಾಡಿಸ್ತೀನಿ. ಅವರು ಬೀದಿಗಿಳಿಯೋ ಹಾಗಿದ್ರೆ ಮಾತ್ರ ನನಗೆ ಬೇಡಪ್ಪ," ಎಂದುಬಿಟ್ಟರು. ಹೀಗೆ ಎಲ್ಲವೂ ಬಂದು ನಿಂತದ್ದು ಆ ಒಪ್ಪಿಗೆಯ ಮೇಲೆ.

ಮಂಗಳೂರಿನಾಚೆಯ ಒಂದು ಬಂದರಿನಲ್ಲಿ ಸಭೆ ಸೇರಿಸಿದೆವು. ಸಾಹೇಬರು ಚೆನ್ನಾಗಿಯೇ ಮಾತಾಡಿದರು. ದೂರದ ಒಂದು ತಣ್ಣನೆಯ ದೇಶದಲ್ಲಿ ನೂರಾರು ವರ್ಷ ಹಿಡಿದರೂ ಮುಗಿಯದ ಮೀನು ಒಂದೇ ತಲೆಮಾರಿನಲ್ಲಿ ಹೇಗೆ ಮುಗಿದುಹೋಯಿತು, ಬೋಟುಗಳು ದಡದಲ್ಲಿ ಹೇಗೆ ಕೊಳೆತವು ಎಂದೆಲ್ಲ ಹೇಳಿದರು. ಜನ ಕೇಳಿಸಿಕೊಂಡರು. ಆಗ ಸಂಘದ ಮುಂದಾಳು ಎದ್ದು ನಿಂತ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಎರಡು ಬೋಟಿನ ಯಜಮಾನ, ಮಾತು ಮೆತ್ತಗೆ.

"ಸಾಹೇಬ್ರೆ, ಬೇಜಾರು ಮಾಡ್ಬೇಡಿ, ಒಂದು ಕೇಳ್ತೇನೆ. ನೀವು ಮೀನು ತಿಂತೀರಾ?"

"ಇಲ್ಲ."

"ಮನೆಯಲ್ಲಿ?"

"ಯಾರೂ ಇಲ್ಲ."

"ಮತ್ತೆ ಎಂಥ ಮಾರಾಯ್ರೆ! ತಿನ್ನದವರು ಬಂದು ಹಿಡೀಬೇಡಿ ಅಂತ ಹೇಳುದು. ಬೆಂಡೆಕಾಯಿ ಎಷ್ಟು ಉದ್ದ ಆದ ಮೇಲೆ ಕೊಯ್ಯಬೇಕು ಅಂತ ನಾವು ನಿಮಗೆ ಬಂದು ಹೇಳ್ತೇವಾ?"

ಇಡೀ ಸಭೆ ನಕ್ಕಿತು. ನಿಜ ಹೇಳಬೇಕೆಂದರೆ ನನಗೂ ನಗು ಬಂತು, ತಡೆದುಕೊಂಡೆ. ಸಾಹೇಬರು ಕೂಡ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ಮಾರನೆಯ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಕಾಫಿ ಕುಡಿಯುತ್ತಾ ನಿಂತಾಗ, "ಅವನು ಹೇಳಿದ್ರಲ್ಲಿ ತಪ್ಪೇನಿದೆ ಹೇಳಿ? ನಮ್ಮೋರು ಅಸಹ್ಯ ಪಟ್ಕೊಂಡು ಬೇಡ ಅಂತಿದಾರೆ ಅಂತ ಅವರಿಗೆ ಅನ್ಸತ್ತೆ. ಅನ್ಸಲ್ವಾ?" ಎಂದರು. ಲೋಟ ಕೆಳಗಿಟ್ಟು, "ನನಗೆ ಮೀನು ತಿನ್ನೋದು ಕಲಿಸಿ," ಎಂದರು.

"ಸಾರ್!"

"ಕೂಗ್ಬೇಡ್ರೀ. ಸುತ್ತ ಜನ ಇದಾರೆ."

ನಾನು ಎಷ್ಟು ಹೇಳಿದೆನೋ ದೇವರಿಗೇ ಗೊತ್ತು. ಬೇಡ ಸಾರ್, ಮನೆಯಲ್ಲಿ ದೇವರ ಪೂಜೆ ಮಾಡೋ ಕೈ, ಇದೆಲ್ಲ ಯಾಕೆ, ಬೇರೆ ದಾರಿ ನೋಡೋಣ ಎಂದೆ. ಕೇಳಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಕಾಟನ್‌ಪೇಟೆಯ ಒಂದು ಮಿಲಿಟರಿ ಹೋಟೆಲಿಗೆ ಕರೆದುಕೊಂಡು ಹೋದೆ. ಸುತ್ತ ಸಗಟು ವ್ಯಾಪಾರದವರು, ಮೂಟೆ ಹೊರುವವರು, ಅಲ್ಲಿ ಇವರನ್ನು ಗುರುತಿಸುವವರು ಯಾರೂ ಇರಲಾರರು ಎಂದು. ಬಾಗಿಲಲ್ಲಿ ನಿಂತು ಕರ್ಚೀಫಿನಿಂದ ಹಣೆಯ ಅಂಗಾರ ಅಕ್ಷತೆ ಒರೆಸಿಕೊಂಡರು. ಅದನ್ನು ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ.

ಕರಿದ ಬಂಗುಡೆ ಎರಡು ತಟ್ಟೆ ಬಂತು. ಸಾಹೇಬರು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ವಯಸ್ಸಿಗೆ ಬಂದಿದೆ. ತಿನ್ಬಹುದು," ಎಂದು ಪ್ರಮಾಣಪತ್ರ ಕೊಟ್ಟರು. ಉಗುರಿನಷ್ಟು ಮುರಿದು ಬಾಯಿಯ ಹತ್ತಿರ ಒಯ್ದರು. ಕಣ್ಣು ಮುಚ್ಚಿದರು. ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಟ್ಟು, ತಟ್ಟೆಯ ಅಂಚಿನಲ್ಲಿದ್ದ ಈರುಳ್ಳಿ ನಿಂಬೆಹಣ್ಣು ತಿಂದು ನೀರು ಕುಡಿದರು. ಪಕ್ಕದ ಮೇಜಿನವನು, "ಯಾಕಣ್ಣಾ, ಸಾಹೇಬ್ರಿಗೆ ಮೀನು ಹಿಡಿಸ್ಲಿಲ್ವಾ?" ಎಂದು ನನ್ನನ್ನು ಕೇಳಿದ. "ಹಲ್ಲು ನೋವು ಗುರು," ಎಂದೆ. ಎರಡು ತಟ್ಟೆಯನ್ನೂ ನಾನೇ ಖಾಲಿ ಮಾಡಿದೆ. ಹೊರಗೆ ಬಂದ ಮೇಲೆ ಅವರು, "ಪ್ರಾಕ್ಟೀಸ್ ಸಾಲ್ದು ಕಣ್ರೀ," ಎಂದರು, ಏನೋ ಟೈಪಿಂಗ್ ಪರೀಕ್ಷೆ ಫೇಲಾದವರ ಹಾಗೆ. ಅಲ್ಲಿಗೆ ಈ ಹುಚ್ಚು ಬಿಟ್ಟಿತು ಅಂದುಕೊಂಡು ನಾನು ನೆಮ್ಮದಿಯಾಗಿದ್ದೆ.

ಬಿಟ್ಟಿರಲಿಲ್ಲ. ಮುಂದಾಳುವಿಗೆ ತಾವೇ ಫೋನ್ ಮಾಡಿ, ಮುಂದಿನ ಸಲ ಬಂದಾಗ ನಿಮ್ಮ ಮನೆಯಲ್ಲೇ ಊಟ, ನಿಮ್ಮನೇಲಿ ಏನು ಮಾಡ್ತೀರೋ ಅದೇ ಊಟ, ಎಂದು ಹೇಳಿಬಿಟ್ಟಿದ್ದರು. ನಾವು ಹೋದಾಗ ಸಂಘದ ಆರೇಳು ಜನ ಆಗಲೇ ಬಂದು ಕೂತಿದ್ದರು. ಸುದ್ದಿ ಹಬ್ಬಿತ್ತು. ಬೆಂಗಳೂರಿನ ಭಟ್ರು ಮೀನು ತಿನ್ನುತ್ತಾರಂತೆ ಎಂದು ಪಕ್ಕದ ಮನೆಯ ಹೆಂಗಸರೂ ಕಿಟಕಿಯಲ್ಲಿ ನಿಂತಿದ್ದರು. ಬಾಳೆಲೆ ಹಾಕಿದರು. ಕೆಂಪಕ್ಕಿ ಅನ್ನ ಬಂತು. ಮುಂದಾಳುವಿನ ತಾಯಿ, ಬಗ್ಗಿದ ಬೆನ್ನಿನ ಅಜ್ಜಿ, ತಾವೇ ಮಾಡಿದ ಬಂಗುಡೆ ಪುಳಿಮುಂಚಿ ತಂದು ಸಾಹೇಬರ ಎಲೆಗೆ ಬಡಿಸಿದರು. ಕೆಂಪಗೆ, ಹುಳಿಯ ವಾಸನೆ ಮೂಗಿಗೆ ಹೊಡೆಯುವ ಹಾಗೆ.

ನಾನು ನೋಡಿದೆ. ಸಾಹೇಬರೂ ನೋಡಿದರು. ಎಲೆಯ ಮೇಲೆ ಮೂರು ಮೀನಿದ್ದವು. ಒಂದೊಂದೂ ಅಂಗೈಯಷ್ಟೂ ಇರಲಿಲ್ಲ. ಮರಿಗಳು. ಆದೇಶದ ಕರಡಿನಲ್ಲಿ ಅವರೇ ಬರೆದಿದ್ದ ಉದ್ದದ ಅರ್ಧ ಬಂದರೆ ಹೆಚ್ಚು.

ಅದರಲ್ಲಿ ಮೋಸವಿರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ದೊಡ್ಡ ಮೀನೆಲ್ಲ ಐಸು ಹಾಕಿಸಿಕೊಂಡು ಲಾರಿ ಹತ್ತಿ ಹೋಗುತ್ತಿತ್ತು, ಮನೆಗೆ ಉಳಿಯುತ್ತಿದ್ದುದು ಇಂಥದೇ. ನಿಮ್ಮನೇಲಿ ಏನಿದೆಯೋ ಅದೇ ಎಂದು ಕೇಳಿದವರು ಇವರೇ. ಸಾಹೇಬರು ತಲೆಯೆತ್ತಿ ನನ್ನ ಕಡೆ ಒಂದು ಸಲ ನೋಡಿದರು. ಸುತ್ತ ಆರೇಳು ಜನ ತಮ್ಮ ಎಲೆ ಮುಟ್ಟದೆ ಇವರನ್ನೇ ನೋಡುತ್ತಿದ್ದರು. ಅಜ್ಜಿಗೆ ಇವರು ಚಿಕ್ಕದೆಂದು ಹಿಂಜರಿಯುತ್ತಿದ್ದಾರೆ ಅನ್ನಿಸಿತೋ ಏನೋ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಸಣ್ಣದಕ್ಕೇ ರುಚಿ ಹೆಚ್ಚು. ತಿನ್ನಿ ಮಗಾ," ಎಂದರು.

ಎಲೆಗೆ ಬಡಿಸಿದ್ದನ್ನು ಬಿಡಬಾರದು ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದ ಮನುಷ್ಯ. ತಾಯಿಯ ವಯಸ್ಸಿನವರು ಪಕ್ಕದಲ್ಲಿ ಕೂತು ತಿನ್ನಿ ಅನ್ನುತ್ತಿದ್ದಾರೆ. ಅವರು ತಿಂದರು. ಕಾಟನ್‌ಪೇಟೆಯಲ್ಲಿ ಆಗದಿದ್ದದ್ದು ಅಲ್ಲಿ ಆಯಿತು. ಮುಳ್ಳು ಬಿಡಿಸಲು ಬರದೆ ಒದ್ದಾಡಿದಾಗ ಅಜ್ಜಿಯೇ ಬಿಡಿಸಿ ಬಿಡಿಸಿ ಎಲೆಯ ಅಂಚಿಗಿಟ್ಟರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಖಾರಕ್ಕೆ ಎಂದು ಹೇಳಿ ನಕ್ಕರು. ಮೂರನ್ನೂ ತಿಂದರು. ಊಟವಾದ ಮೇಲೆ ಒಪ್ಪಿಗೆಯ ಮಾತು ಎತ್ತಿದರು. ಮುಂದಾಳು ಕೈ ಒರೆಸಿಕೊಳ್ಳುತ್ತಾ, "ನೋಡುವಾ ಸಾಹೇಬ್ರೆ, ಎಲ್ಲರ ಹತ್ರ ಮಾತಾಡಿ ಹೇಳ್ತೇವೆ," ಎಂದ. ಬಸ್ ಸ್ಟಾಂಡಿನವರೆಗೂ ಬಂದು ಬೀಳ್ಕೊಟ್ಟ.

ಬಸ್ಸಿನಲ್ಲಿ ಸಾಹೇಬರು ಮಗುವಿನ ಹಾಗೆ ಖುಷಿಯಾಗಿದ್ದರು. ವಾಂತಿಗೆಂದು ಎರಡು ಸಲ ಬಸ್ಸು ನಿಲ್ಲಿಸಬೇಕಾಯಿತು, ಆದರೂ ಖುಷಿ. "ಒಪ್ತಾರೆ ಕಣ್ರೀ. ಅವರ ಮುಖ ನೋಡಿದ್ರಾ? ಈಗ ನಾನು ಅವರ ಪೈಕಿ." ವಾರ ಕಳೆಯಿತು, ತಿಂಗಳು ಕಳೆಯಿತು. ಫೋನ್ ಮಾಡಿದರೆ ಮುಂದಾಳು ಕಡಲಿಗೆ ಹೋಗಿದ್ದಾರೆ ಎಂದು ಮನೆಯವರು ಹೇಳುತ್ತಿದ್ದರು. ಒಪ್ಪಿಗೆ ಬರಲೇ ಇಲ್ಲ. ಬರದ ಮೇಲೆ ಮೇಲಧಿಕಾರಿ ಫೈಲು ಮುಚ್ಚಿದರು. ಸಾಹೇಬರು ನಿವೃತ್ತರಾದ ದಿನ ಹಾರ ಹಾಕಿ, ಶಾಲು ಹೊದಿಸಿ, ಟನ್ನುಗಟ್ಟಲೆ ಉತ್ಪಾದನೆ ಹೆಚ್ಚಿಸಿದ ದಕ್ಷ ಅಧಿಕಾರಿ ಎಂದು ಭಾಷಣ ಮಾಡಿದರು. ಅದನ್ನು ಕೇಳುತ್ತಾ ಅವರು ಹೊದಿಸಿದ್ದ ಶಾಲನ್ನು ತೆಗೆದು, ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಮೀನು ತಿಂದು ಮನೆಗೆ ಬಂದ ದಿನವೇ ಹೆಂಡತಿಗೆ, ನಾವೆಲ್ಲ ಅಮ್ಮನವರು ಅನ್ನುತ್ತಿದ್ದವರಿಗೆ, ಸಾಹೇಬರು ಎಲ್ಲ ಹೇಳಿದ್ದರಂತೆ. ಆಯಮ್ಮ ಬೈಯಲಿಲ್ಲ, ಅಳಲಿಲ್ಲ, ಬಿಸಿನೀರು ಕಾಯಿಸಿಕೊಟ್ಟರಂತೆ. ಆದರೆ ಸಾಹೇಬರು ಅವತ್ತಿನಿಂದ ದೇವರ ಪೂಜೆಗೆ ಕೂರಲಿಲ್ಲ. ದಿನಾ ಬೆಳಿಗ್ಗೆ ತಮ್ಮ ಬಂದು ಪೂಜೆ ಮಾಡಿ ಹೋಗುವರು, ಅದು ಮುಗಿಯುವವರೆಗೆ ಇವರು ಜಗಲಿಯಲ್ಲಿ ಪೇಪರು ಹಿಡಿದು ಕೂರುವರು. ಯಾರೂ ಹಾಗೆ ಮಾಡಿ ಎಂದಿರಲಿಲ್ಲ. ಏನೋ ಪ್ರಾಯಶ್ಚಿತ್ತ ಮಾಡಿಸಿಕೊಳ್ಳಬಹುದಂತಲ್ಲ ಸಾರ್ ಎಂದು ನಾನೇ ಒಮ್ಮೆ ಕೇಳಿದೆ. "ಕೆಲಸ ಆಗಿದ್ರೆ ಧೈರ್ಯವಾಗಿ ಹೋಗಿ ಕೂತ್ಕೋತಿದ್ದೆ. ಇದಕ್ಕೋಸ್ಕರ ತಿಂದೆ ಅಂತ ಅವನಿಗೆ ಹೇಳ್ತಿದ್ದೆ. ಈಗ ಏನಂತ ಹೇಳ್ಲಿ?" ಎಂದರು. ಅವನಿಗೆ ಎಂದರೆ ದೇವರಿಗೆ. ಯಾಕೆ ಒಪ್ಪಲಿಲ್ಲ ಎನ್ನುವುದನ್ನು ಮಾತ್ರ ಬಿಡಲಿಲ್ಲ. ಹೋದಾಗಲೆಲ್ಲ ಕೇಳುವರು. "ನಾನು ಎಲ್ಲಿ ತಪ್ಪಿದೆ ಅಂತೀರ್ರೀ? ಅಷ್ಟೂ ತಿಂದ್ನಲ್ಲ?" ನನಗೆ ಗೊತ್ತಿದ್ದರೆ ತಾನೇ ಹೇಳುವುದು? ಹಿಟ್ಟಿನ ಮಿಲ್ಲಿನವರ ಒತ್ತಡ ಇರಬೇಕು ಸಾರ್ ಎನ್ನುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು, ನಂಬುತ್ತಿರಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಹೋದೆ. ಊಟವಾಗಿ ನೆಂಟರೆಲ್ಲ ಹೊರಟ ಮೇಲೆ ನಡುಮನೆಯಲ್ಲಿ ಅಮ್ಮನವರ ಹತ್ತಿರ ಕೂತಿದ್ದಾಗ ಬಾಗಿಲಲ್ಲಿ ಒಬ್ಬರು ಚಪ್ಪಲಿ ಬಿಟ್ಟು ನಿಂತರು. ತಲೆ ಪೂರ್ತಿ ನೆರೆತಿತ್ತು. ಗುರುತು ಹತ್ತಲು ಹೊತ್ತು ಹಿಡಿಯಿತು. ಮುಂದಾಳು. ಮನೆಯವರು ಪೇಪರಿಗೆ ಕೊಟ್ಟಿದ್ದ ಫೋಟೋ, ವಿಳಾಸ ನೋಡಿ ಬಂದರಂತೆ. ಸಾಹೇಬರ ಪಟಕ್ಕೆ ಕೈಮುಗಿದು ಚಾಪೆಯ ಅಂಚಿನಲ್ಲಿ ಕೂತರು. ಬೋಟು ಹೇಗೆ ನಡೆದಿದೆ ಎಂದು ನಾನು ಕೇಳಿದೆ.

"ಎಂಥ ಬೋಟು! ಒಂದು ಕೊಟ್ಟೆ, ಒಂದು ದಡದಲ್ಲಿ ಉಂಟು. ಡೀಸೆಲ್ ಹಾಕಿ ಹೋದ್ರೆ ಡೀಸೆಲ್‌ಗೆ ಆಗುವಷ್ಟೂ ಸಿಕ್ಕುದಿಲ್ಲ," ಎಂದರು. ಆಮೇಲೆ ಅಮ್ಮನವರ ಕಡೆ ತಿರುಗಿ ಹೇಳಿದರು. "ಅಮ್ಮ, ಸಾಹೇಬ್ರು ಹೇಳಿದ್ದು ಸರಿ ಇತ್ತು. ಅವತ್ತು ನಮ್ಮ ಮನೆಗೆ ಊಟಕ್ಕೆ ಬಂದಿದ್ರು. ಅಷ್ಟು ಸಣ್ಣ ಮೀನು ಎಲೆಗೆ ಬಿದ್ದದ್ದು ನೋಡಿ ನಾವೆಲ್ಲ ಕಾಯ್ತಾ ಇದ್ದೆವು, ಇವರು ಈಗ ಹೇಳ್ತಾರೆ, ಇದು ಮರಿ, ಇದನ್ನು ನಾನು ತಿನ್ನುದಿಲ್ಲ ಅಂತ. ಹೇಳಿದ್ರೆ ಒಪ್ಪುವಾ ಅಂತ ನಮ್ಮೊಳಗೆ ಮಾತಾಗಿತ್ತು. ಅವರು ತಿಂದ್ರು. ತಿಂದದ್ದು ನೋಡಿ ನಮ್ಮವರು ಹೇಳಿದ್ರು, ಇವರಿಗೂ ಇದು ಬರೀ ಕಾಗದದ ಮಾತು, ಎದುರಿಗೆ ಬಂದ್ರೆ ಎಲ್ಲರೂ ತಿನ್ನುದೇ ಅಂತ."

ಅಮ್ಮನವರು ಅವರನ್ನೇ ನೋಡುತ್ತಾ ಕೇಳಿದರು, "ಅವತ್ತೇ ಯಾಕಪ್ಪಾ ಹೇಳ್ಲಿಲ್ಲ?"

"ಹೇಗೆ ಹೇಳುದು ಅಮ್ಮ? ಎಲೆಯ ಎದುರು ಕೂತ ಮನುಷ್ಯನಿಗೆ ಅದು ಹೇಳ್ಲಿಕ್ಕೆ ಆಗ್ತದಾ? ಅವರು ಅಷ್ಟು ಕಷ್ಟಪಟ್ಟು ತಿಂತಾ ಇದ್ರು. ಆಮೇಲೆ ಅವರ ಮುಖ ನೋಡ್ಲಿಕ್ಕೆ ಆಗದೆ ಫೋನಿಗೂ ಬರ್ಲಿಲ್ಲ ನಾನು."

ಅಮ್ಮನವರು ಎದ್ದು ಒಳಗೆ ಹೋಗಿ ಅವರಿಗೆ ಒಂದು ಲೋಟ ಪಾಯಸ ತಂದುಕೊಟ್ಟರು. ಅವರು ಕುಡಿದು, ಕೈಮುಗಿದು ಹೊರಟರು. ಬಾಗಿಲು ಹಾಕಿಕೊಂಡು ಬಂದು ಆಯಮ್ಮ, "ಇದು ಅವರಿಗೆ ಗೊತ್ತಾಗ್ದೆ ಹೋದದ್ದೇ ಒಳ್ಳೇದಾಯ್ತು ಅಲ್ವೇನಪ್ಪಾ? ಕೇಳಿದ್ರೆ ತಡ್ಕೋತಿರ್ಲಿಲ್ಲ," ಎಂದರು. ಹೂಂ ಅಮ್ಮ ಎಂದೆ.

ಆದರೆ ನನಗೆ ಹಾಗನ್ನಿಸುವುದಿಲ್ಲ. ಗೊತ್ತಾಗಿದ್ದರೆ ಅವರು ಆ ಸಂಜೆಯ ಬಸ್ಸಿಗೇ ಟಿಕೆಟ್ ತೆಗೆಸ್ರೀ ಎನ್ನುತ್ತಿದ್ದರು. ಹೋಗಿ, ಅದೇ ಮನೆಯಲ್ಲಿ, ಅದೇ ಜನರ ನಡುವೆ ಎಲೆ ಹಾಕಿಸಿಕೊಂಡು ಕೂತು, ಅಜ್ಜಿ ಬಡಿಸಿದ್ದನ್ನು ನೋಡಿ, "ಇದು ಮರಿ ತಾಯಿ, ನಾನು ತಿನ್ನಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಎದ್ದು ಬರುತ್ತಿದ್ದರು.